ಬಾಖ್‌ನ ಕ್ರಿಸ್ಮಸ್ ಮತ್ತು ಬಡಿಸುವವರ ಪಂಕ್ತಿ

ಚರ್ಚಿನಲ್ಲಿ ಹಾಡುವವರಿಗೆ ಡಿಸೆಂಬರಿನಲ್ಲಿ ಕ್ರಿಸ್ಮಸ್ ಇರುವುದಿಲ್ಲ, ಕ್ರಿಸ್ಮಸ್ಸಿನ ಕೆಲಸ ಇರುತ್ತದೆ. ಮದುವೆಮನೆಯಲ್ಲಿ ಬಡಿಸುವವರು ಕೊನೆಯ ಪಂಕ್ತಿಗೆ ಕೂರುವ ಹಾಗೆ ಇದು. ಅಷ್ಟು ಹೊತ್ತಿಗೆ ಸಾರು ತಣ್ಣಗಾಗಿರುತ್ತದೆ, ಹಸಿವೂ ಸತ್ತಿರುತ್ತದೆ. ನಮ್ಮ ಕ್ವಾಯರ್‌ನಲ್ಲಿ ನಾನು ಆಲ್ಟೋ ಹಾಡುತ್ತೇನೆ. ಹೆಣ್ಣು ದನಿಗಳಲ್ಲಿ ಕೆಳಗಿನ ಸಾಲು ಅದು; ಜನರ ನೆನಪಿನಲ್ಲಿ ಉಳಿಯುವ ರಾಗ ನಮ್ಮ ಪಾಲಿಗೆ ಬರುವುದು ಅಪರೂಪ. ರಾತ್ರಿ ಮನೆಮನೆಗೆ ಕ್ಯಾರಲ್ಸ್, ಸಂಜೆ ಪ್ರ್ಯಾಕ್ಟೀಸ್, ನಡುವೆ ಆಫೀಸು, ಕಟ್ಟಿದ ಗಂಟಲಿಗೆ ಕಾಳುಮೆಣಸಿನ ಕಷಾಯ. ಇಪ್ಪತ್ತೈದರ ಬೆಳಿಗ್ಗೆ ಆರಾಧನೆಯಲ್ಲಿ ಎದ್ದು ನಿಂತು ಇಡೀ ಸಭೆಯ ಪರವಾಗಿ ಕೃತಜ್ಞತಾಸ್ತುತಿ ಹಾಡುವಾಗ ತಲೆಯಲ್ಲಿ ಓಡುತ್ತಿರುವುದು ಮುಂದಿನ ಪುಟದ ಕಷ್ಟದ ಜಾಗ, ಪಕ್ಕದವಳ ಶ್ರುತಿ, ಮುಗಿದ ಮೇಲೆ ಸಿಗಬಹುದಾದ ನಿದ್ದೆ.

ಹಾಗಿದ್ದರೆ ಆ ಹಾಡಿನಲ್ಲಿರುವ ಕೃತಜ್ಞತೆ ಯಾರದು? ಪ್ರಶ್ನೆಯನ್ನು ನನಗೇ ಹಾಕಿಕೊಂಡರೆ ಉತ್ತರ ಭಾವುಕವಾಗುತ್ತದೆ, ಇಲ್ಲವೇ ಸಿನಿಕವಾಗುತ್ತದೆ. ಅದಕ್ಕೇ ಇಲ್ಲಿ ಬೇರೆಯವನೊಬ್ಬನಿಗೆ ಕೇಳುತ್ತೇನೆ. ಅವನು ದಿನಚರಿ ಬರೆದಿಡಲಿಲ್ಲ, ಮನಸ್ಸಿನ ಮಾತನ್ನು ಕಾಗದದ ಮೇಲೆ ಹೆಚ್ಚು ಆಡಲಿಲ್ಲ; ಹಬ್ಬದ ಕೆಲಸವನ್ನು ಮಾತ್ರ ಪುಟಪುಟವಾಗಿ ಬಿಟ್ಟುಹೋಗಿದ್ದಾನೆ.

ಯೊಹಾನ್ ಸೆಬಾಸ್ಟಿಯನ್ ಬಾಖ್ 1723ರ ಮೇ ತಿಂಗಳಲ್ಲಿ ಲೈಪ್ಜಿಗ್‌ಗೆ ಬಂದ. ಸಂತ ತೋಮಸ್ ಶಾಲೆಯ ಹುಡುಗರಿಗೆ ಸಂಗೀತ ಕಲಿಸುವುದು, ಊರಿನ ದೊಡ್ಡ ಚರ್ಚುಗಳಿಗೆ ಸಂಗೀತ ಒದಗಿಸುವುದು ಅವನ ಕೆಲಸ. ಅಲ್ಲಿನ ಆರಾಧನೆಯಲ್ಲಿ ಪ್ರತಿ ಭಾನುವಾರ, ಪ್ರತಿ ಹಬ್ಬಕ್ಕೆ ಒಂದು ಕ್ಯಾಂಟಾಟಾ ಇರುತ್ತಿತ್ತು. ಗಾಯಕರೂ ವಾದ್ಯಗಳೂ ಸೇರಿದ, ಹೆಚ್ಚುಕಡಿಮೆ ಇಪ್ಪತ್ತು ನಿಮಿಷದ ಸಂಗೀತ ಪ್ರವಚನ ಎನ್ನಬಹುದು. ಆಗಮನ ಕಾಲದ ಮೊದಲ ಭಾನುವಾರ ಬಿಟ್ಟರೆ ಕ್ರಿಸ್ಮಸ್‌ವರೆಗಿನ ಉಳಿದ ಭಾನುವಾರಗಳಲ್ಲಿ ಕ್ಯಾಂಟಾಟಾ ಇಲ್ಲ. ಕಾಯುವಿಕೆಯ ಮೌನ ಅದು. ಸಭೆಗೆ ಮೌನ, ಬಾಖ್‌ಗೆ ಅಲ್ಲ. ಆ ವಾರಗಳಲ್ಲಿ ಅವನು ಮುಂದೆ ಬರುವುದಕ್ಕೆಲ್ಲ ತಯಾರಿ ಮಾಡಬೇಕಿತ್ತು.

ಮುಂದೆ ಬಂದದ್ದೆಷ್ಟು ನೋಡಿ. 1723ರ ಡಿಸೆಂಬರ್ 25, 26, 27. 1724ರ ಜನವರಿ 1, 2, 6, 9. ಹದಿನಾರು ದಿನಗಳೊಳಗೆ ಏಳು ದಿನ ಕ್ಯಾಂಟಾಟಾ. ಕ್ರಿಸ್ಮಸ್ ದಿನಕ್ಕೆ ವೈಮರ್ ಊರಿನಲ್ಲಿದ್ದಾಗ ಬರೆದ ಹಳೆಯದೊಂದನ್ನು ಎತ್ತಿಕೊಂಡ. ಆದರೂ ಅದೇ ಸಂಜೆಯ ಪ್ರಾರ್ಥನೆಗೆ ಲ್ಯಾಟಿನ್‌ನ ‘ಮಾಗ್ನಿಫಿಕಾಟ್’ ಹಾಡಿಸಬೇಕಿತ್ತು. ದೊಡ್ಡ ಹಬ್ಬಗಳಲ್ಲಿ ಬೆಳಿಗ್ಗೆ ಒಂದು ಚರ್ಚಿನಲ್ಲಿ ಹಾಡಿದ್ದನ್ನು ಮಧ್ಯಾಹ್ನ ಇನ್ನೊಂದರಲ್ಲಿ ಮತ್ತೆ ಹಾಡುವುದು ವಾಡಿಕೆ. ಹಾಡುವವರೋ ಶಾಲೆಯ ಹುಡುಗರು. ಸ್ವರಹಾಳೆಗಳನ್ನು ನಕಲು ಮಾಡುವವರು ಶಿಷ್ಯರು ಮತ್ತು ಮನೆಯವರು. ಹೊಸ ವರ್ಷದ ಹೊತ್ತಿಗೆ ಇದೇ ಹುಡುಗರು ಚಳಿಯಲ್ಲಿ ಬೀದಿಬೀದಿ ಹಾಡಿ ಹಣ ಕೂಡಿಸುವುದೂ ಇತ್ತು.

ಈ ಏಳರಲ್ಲಿ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ಜನವರಿ 2ರದರ ಎದುರು. ಬಾಖ್ ಅಭಿಮಾನಿಗಳ ಮೆಚ್ಚಿನ ಪಟ್ಟಿಯಲ್ಲಿ ಅದು ಸಾಮಾನ್ಯವಾಗಿ ಕಾಣುವುದಿಲ್ಲ. ಹಿಂದಿನ ದಿನ, ಹೊಸ ವರ್ಷಕ್ಕೆ, ತುತ್ತೂರಿ ನಗಾರಿಗಳ ಜೊತೆ ಮೇಳಕ್ಕೆ ಭಾರಿ ಕೆಲಸ ಕೊಟ್ಟಿದ್ದಾನೆ. ಮರುದಿನ ತುತ್ತೂರಿ ಇಲ್ಲ, ಓಬೋ ಇಲ್ಲ, ಬರೀ ತಂತಿವಾದ್ಯಗಳು. ಎಂದಿನ ದೊಡ್ಡ ಆರಂಭದ ಮೇಳಗೀತವೂ ಇಲ್ಲ. ಒಂಬತ್ತು ಭಾಗಗಳಲ್ಲಿ ಮೇಳಕ್ಕೆ ಸಿಕ್ಕಿರುವುದು ಮೂರು ಕೋರಲ್‌ಗಳು, ಅಂದರೆ ಸಭೆಗೆಲ್ಲ ಪರಿಚಯವಿರುವ ಧಾಟಿಯ ನೇರವಾದ ನಾಲ್ಕು ದನಿಯ ಕೀರ್ತನೆಗಳು. ಮೇಲಿನ ದನಿಯ ಹುಡುಗರಿಗೆ ಒಂಟಿಯಾಗಿ ಹಾಡುವ ಹೊರೆಯೇ ಇಲ್ಲ. ಒಂದಾದ ಮೇಲೊಂದು ಹಬ್ಬದಲ್ಲಿ ದಣಿದ ಗಂಟಲುಗಳಿಗೆ ಬಿಡುವು ಕೊಡಲೆಂದೇ ಹೀಗೆ ಬರೆದ ಎಂದು ವಿದ್ವಾಂಸರು ಊಹಿಸುತ್ತಾರೆ. ಹಾಡಿ ದಣಿದ ಯಾರಿಗಾದರೂ ಈ ಊಹೆಯನ್ನು ಒಪ್ಪಲು ಸಾಕ್ಷಿ ಬೇಕಾಗುವುದಿಲ್ಲ.

‘ಕೃತಜ್ಞ’ ಎಂಬ ಪದವನ್ನು ಬಿಡಿಸಿದರೆ ‘ಮಾಡಿದ್ದನ್ನು ಬಲ್ಲವನು’ ಎಂದಷ್ಟೇ ಅರ್ಥ ಬರುತ್ತದೆ. ಕಣ್ಣು ತುಂಬಿಬರುವುದು, ಎದೆ ಕರಗುವುದು ಆ ಪದದಲ್ಲಿಲ್ಲ. ಇರುವುದು ಅರಿವು: ಯಾರು ಏನು ಮಾಡಿದರು, ಅದಕ್ಕೆ ಎಷ್ಟು ಖರ್ಚಾಯಿತು. ಜನವರಿ 2ರ ಆ ಸಣ್ಣ ಕೃತಿಯಲ್ಲಿ ನನಗೆ ಕಾಣುವುದು ಇದೇ. ವಸ್ತುವಿನಿಂದ ನೋಡಿದರೆ ಅದು ಕೃತಜ್ಞತೆಯ ಹಾಡೂ ಅಲ್ಲ. ಶತ್ರುಗಳ ನಡುವೆ ಸಿಕ್ಕಿದವನ ಮೊರೆ. ಆದರೆ ಹಿಂದಿನ ವಾರ ಆ ಮಕ್ಕಳು ಎಷ್ಟು ಹಾಡಿದ್ದಾರೆಂದು ಅದರ ಕಟ್ಟಡಕ್ಕೆ ಗೊತ್ತಿದೆ.

ಬಾಖ್‌ನನ್ನು ಸಂತನನ್ನಾಗಿಸುವವರು ಇಂಥ ಕಡೆ ಬೇಗ ಕೈ ಮುಗಿಯುತ್ತಾರೆ. ಅವನು ಅನೇಕ ಹಸ್ತಪ್ರತಿಗಳ ತಲೆಯಲ್ಲಿ ಯೇಸುವಿನ ನೆರವು ಕೋರುವ ಎರಡಕ್ಷರ, ಕೊನೆಯಲ್ಲಿ ಮಹಿಮೆಯೆಲ್ಲ ದೇವರಿಗೇ ಎನ್ನುವ ಮೂರಕ್ಷರ ಬರೆಯುತ್ತಿದ್ದುದನ್ನು ತೋರಿಸಿ, ನೋಡಿ ಎಷ್ಟು ಧನ್ಯಭಾವ ಎನ್ನುತ್ತಾರೆ. ಅವರಿಗೆ ನಾನು ತೋರಿಸಬಯಸುವುದು 1730ರ ಎರಡು ಕಾಗದಗಳನ್ನು. ಆಗಸ್ಟ್‌ನಲ್ಲಿ ಅವನು ನಗರಸಭೆಗೆ ಮನವಿ ಬರೆದ. ಅದರಲ್ಲಿ ತನ್ನ ಶಾಲೆಯ ಹುಡುಗರನ್ನು ಲೆಕ್ಕ ಹಾಕಿದ್ದಾನೆ: ಕೆಲಸಕ್ಕೆ ಬರುವವರು 17, ಇನ್ನೂ ತಯಾರಾಗಬೇಕಾದವರು 20, ಯಾತಕ್ಕೂ ಬಾರದವರು 17. ಅಕ್ಟೋಬರ್‌ನಲ್ಲಿ ಹಳೆಯ ಗೆಳೆಯ ಎರ್ಡ್‌ಮಾನ್‌ಗೆ ಪತ್ರ ಬರೆದು, ಈ ಕೆಲಸದಲ್ಲಿ ಸುಮಾರು 700 ಟಾಲರ್ ಬರುತ್ತದೆ, ಆದರೆ ಊರಿನ ಹವೆ ಚೆನ್ನಾಗಿದ್ದರೆ ಸಾವು ಕಡಿಮೆಯಾಗಿ ಶವಸಂಸ್ಕಾರದ ಆದಾಯ ಇಳಿಯುತ್ತದೆ, ಹಿಂದಿನ ವರ್ಷ ಹಾಗೆಯೇ ನೂರಕ್ಕೂ ಹೆಚ್ಚು ಟಾಲರ್ ಖೋತಾ ಆಯಿತು ಎಂದು ಅಲವತ್ತುಕೊಂಡಿದ್ದಾನೆ. ಜನ ಸಾಯಲಿಲ್ಲವೆಂದು ಬೇಸರಪಟ್ಟುಕೊಂಡ ಸಂತ! ನಗರಸಭೆಯೇನು ಕಮ್ಮಿಯಲ್ಲ. ಅದೇ ಆಗಸ್ಟಿನ ಅವರ ನಡಾವಳಿಯಲ್ಲಿ, ಈ ಮನುಷ್ಯ ಏನೂ ಕೆಲಸ ಮಾಡುತ್ತಿಲ್ಲ ಎಂಬ ದೂರು ದಾಖಲಾಗಿದೆ. ಅಷ್ಟು ಹೊತ್ತಿಗೆ ಅವನು ಲೈಪ್ಜಿಗ್‌ಗಾಗಿ ವರ್ಷಗಟ್ಟಲೆಯ ಕ್ಯಾಂಟಾಟಾಗಳನ್ನೂ ‘ಮತ್ತಾಯನ ಪ್ಯಾಶನ್’ ಅನ್ನೂ ಬರೆದಾಗಿತ್ತು.

ಇನ್ನೊಂದು ಬಣ ಸಿನಿಕರದ್ದು. ಅವರ ಅಸ್ತ್ರ ‘ಕ್ರಿಸ್ಮಸ್ ಒರಟೋರಿಯೊ’. 1734ರ ಡಿಸೆಂಬರ್ 25ರಿಂದ 1735ರ ಜನವರಿ 6ರವರೆಗಿನ ಆರು ಹಬ್ಬದ ದಿನಗಳಿಗೆ ಒಂದೊಂದರಂತೆ ಆರು ಭಾಗ. ನಾಲ್ಕು ಭಾಗಗಳು ಎರಡು ಚರ್ಚುಗಳಲ್ಲೂ, ಎರಡು ಭಾಗಗಳು ಒಂದರಲ್ಲಿ ಮಾತ್ರ. ಒಟ್ಟು ಹತ್ತು ಪ್ರಯೋಗ. ಈಗ ಲೋಕದ ಎಷ್ಟೋ ಕಡೆ ಇದಿಲ್ಲದೆ ಕ್ರಿಸ್ಮಸ್ ಇಲ್ಲ. ಆದರೆ ಇದರ ದೊಡ್ಡ ಮೇಳಗೀತಗಳಲ್ಲಿ, ಆರಿಯಾಗಳಲ್ಲಿ ಹೆಚ್ಚಿನವು ಹಳೆಯ ಸರಕು. ಮೊದಲ ಭಾಗವನ್ನು ತೆರೆಯುವ ಆ ನಗಾರಿಯ ಹೊಡೆತ 1733ರ ಡಿಸೆಂಬರ್ 8ರಂದು ರಾಣಿ ಮರಿಯಾ ಯೋಸೆಫಾಳ ಹುಟ್ಟುಹಬ್ಬಕ್ಕೆ ಬರೆದದ್ದು. ಹೊಸ ವರ್ಷದ ದಿನ ಕೃತಜ್ಞತೆಯಿಂದ ಬಾಗಲು ಕರೆಯುವ ನಾಲ್ಕನೆಯ ಭಾಗದ ಮೇಳಗೀತ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹನ್ನೊಂದು ತುಂಬಿದ ರಾಜಕುಮಾರನ ಹುಟ್ಟುಹಬ್ಬದ ಸಂಗೀತನಾಟಕದ್ದು. ಚರ್ಚಿಗೆ ಬರುವ ಮುಂಚೆ ಇವು ಮೊಳಗಿದ್ದು ಝಿಮ್ಮರ್‌ಮಾನ್ ಎಂಬವನ ಕಾಫಿ ಮನೆಯ ಆಶ್ರಯದಲ್ಲಿ. ಆತುರದಲ್ಲಿ ಹಳೆ ಬಾಟಲಿಗೆ ಹೊಸ ಚೀಟಿ ಅಂಟಿಸಿದ, ಇದರಲ್ಲಿ ಭಕ್ತಿಯೆಲ್ಲಿ ಬಂತು ಎಂದು ಇವರು ಕೇಳುತ್ತಾರೆ.

ಹಸ್ತಪ್ರತಿಯೂ ಸಿನಿಕರ ಪರವಾಗಿಯೇ ಸಾಕ್ಷಿ ಹೇಳುವಂತಿದೆ. ಮೊದಲ ಮೇಳಗೀತದ ದನಿಗಳ ಕೆಳಗೆ ಬಾಖ್ ಅಭ್ಯಾಸಬಲದಿಂದ ರಾಣಿಯ ಹಾಡಿನ ಪದಗಳನ್ನೇ ಬರೆದು, ಆಮೇಲೆ ಹೊಡೆದುಹಾಕಿ ಕ್ರಿಸ್ಮಸ್ಸಿನ ಪದಗಳನ್ನು ಬರೆದಿದ್ದಾನೆ. ನನಗೆ ಆ ಗೀಟು ಬಹಳ ಇಷ್ಟ. ಕೈ ಎಷ್ಟು ದಣಿದಿತ್ತು, ಕಿವಿಯಲ್ಲಿ ಹಿಂದಿನ ವರ್ಷದ ಹಾಡು ಎಷ್ಟು ಗಟ್ಟಿಯಾಗಿ ಕೂತಿತ್ತು ಎಂಬುದನ್ನು ಅದು ಹೇಳುತ್ತದೆ.

ಸಂಗೀತಶಾಸ್ತ್ರದವರು ಈ ಪದ್ಧತಿಯನ್ನು ‘ಪ್ಯಾರಡಿ’ ಎನ್ನುತ್ತಾರೆ. ನಮ್ಮ ಅಣಕವಾಡಲ್ಲ ಅದು, ಲೇವಡಿಯ ಉದ್ದೇಶ ಅದಕ್ಕಿಲ್ಲ. ಕನ್ನಡದಲ್ಲಿ ಅದಕ್ಕಿಂತ ಒಳ್ಳೆಯ ಮಾತಿದೆ: ಮಟ್ಟು. ಇಂಥ ಹಾಡಿನ ಮಟ್ಟಿಗೆ ಇಂಥ ಹಾಡು. ನಮ್ಮ ಕಂಪನಿ ನಾಟಕದವರು ಮರಾಠಿ ರಂಗಗೀತೆಗಳ ಮಟ್ಟುಗಳನ್ನು ಧಾರಾಳವಾಗಿ ತಂದು ಕನ್ನಡದ ಮಾತು ತುಂಬಿದರು. ಯಾರೂ ಅದನ್ನು ಕಳವು ಎನ್ನಲಿಲ್ಲ, ಭಾವದ ಕೊರತೆ ಎಂದೂ ಅನ್ನಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರು ಜರ್ಮನ್ ಕೋರಲ್‌ಗಳ ಧಾಟಿಗೆ ಕನ್ನಡದ ಮಾತು ಹೊಂದಿಸಿದರು. ಅದೇ ಮಿಶನ್ನಿನ ಕಿಟ್ಟೆಲ್, ನಿಘಂಟಿನ ಕಿಟ್ಟೆಲ್ಲೇ, 1862ರ ‘ಕಥಾಮಾಲೆ’ಯಲ್ಲಿ ತಿರುಗಾಮುರುಗಾ ದಾರಿ ಹಿಡಿದ: ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿಗೆ ತಂದ. ಹಾಗಾಗಿ ಕರಾವಳಿಯ ಚರ್ಚಿನಲ್ಲಿ ಬೆಳೆದವರಿಗೆ ಹಾಡೊಂದು ಒಂದೇ ಮಾತಿಗೆ ಪತಿವ್ರತೆಯಾಗಿರಬೇಕು ಎಂಬ ಕಲ್ಪನೆಯೇ ವಿಚಿತ್ರ. ನಾವು ಹಾಡುವ ಎಷ್ಟೋ ಕೀರ್ತನೆಗಳು ಇನ್ನೆಲ್ಲಿಯೋ ಸಂಸಾರ ಮಾಡಿ ಬಂದವು.

ಹಾಗೆಂದು ಎಲ್ಲ ಮಟ್ಟುಗಳೂ ಎಲ್ಲ ಮಾತಿಗೂ ಕೂಡುವುದಿಲ್ಲ. ವಿಮರ್ಶೆಗೆ ಇಲ್ಲಿ ಕೆಲಸವಿದೆ. ನಾಲ್ಕನೆಯ ಭಾಗದ ಪ್ರತಿಧ್ವನಿ ಆರಿಯಾ ನನ್ನ ಮಟ್ಟಿಗೆ ಸೋತ ಪ್ರಯೋಗ. ಮೂಲ ನಾಟಕದಲ್ಲಿ ಹರ್ಕ್ಯುಲಿಸ್ ಕವಲುದಾರಿಯಲ್ಲಿ ನಿಂತಿದ್ದಾನೆ, ಒಂದು ದಾರಿ ಸುಖದ್ದು, ಇನ್ನೊಂದು ಸದ್ಗುಣದ್ದು. ಅವನು ಬೆಟ್ಟಕ್ಕೆ ಪ್ರಶ್ನೆ ಹಾಕುತ್ತಾನೆ, ಪ್ರತಿಧ್ವನಿ ಒಮ್ಮೆ ‘ಇಲ್ಲ’ ಎನ್ನುತ್ತದೆ, ಒಮ್ಮೆ ‘ಹೌದು’ ಎನ್ನುತ್ತದೆ. ಅಲ್ಲಿ ಕಾಯುವಂಥದ್ದೇನೋ ಇದೆ. ಚರ್ಚಿಗೆ ಬಂದಾಗ ಅದೇ ಪ್ರತಿಧ್ವನಿ, ಸಾವಿಗೆ ಹೆದರಬೇಕೇ ಎಂದರೆ ‘ಇಲ್ಲ’, ಹಿಗ್ಗಬೇಕೇ ಎಂದರೆ ‘ಹೌದು’ ಎನ್ನುತ್ತದೆ. ಉತ್ತರ ಸಭೆಗೆ ಮೊದಲೇ ಗೊತ್ತು. ಓಬೋ ಎಷ್ಟು ಸೊಗಸಾಗಿ ಮರುದನಿ ಕೊಟ್ಟರೂ ಇದು ಭಾನುವಾರದ ಶಾಲೆಯ ಪ್ರಶ್ನೋತ್ತರವಾಗಿ ಬಿಡುತ್ತದೆ. ಇಲ್ಲಿ ಆತುರ ಗೆದ್ದಿದೆ, ಸಿನಿಕರ ಮಾತಿಗೆ ನಾನು ತಲೆಯಾಡಿಸುತ್ತೇನೆ.

ಆದರೆ ಎರಡನೆಯ ಭಾಗದ ಜೋಗುಳದ ಕಥೆ ಬೇರೆ. ಅದೇ ಹರ್ಕ್ಯುಲಿಸ್ ನಾಟಕದಲ್ಲಿ ಈ ಜೋಗುಳವನ್ನು ಹಾಡುವುದು ಸುಖಲಾಲಸೆ ಎಂಬ ಪಾತ್ರ. ಹುಡುಗನನ್ನು ಮಲಗಿಸಿ, ಮೈಮರೆಸಿ, ದಾರಿ ತಪ್ಪಿಸುವುದು ಅವಳ ಉದ್ದೇಶ. ಒರಟೋರಿಯೊದಲ್ಲಿ ಕುರುಬರಿಗೆ, ಹೋಗಿ ಮಗುವಿಗೆ ಹಾಡಿ ಎಂದು ಹೇಳಿದ ಬೆನ್ನಿಗೇ ಆಲ್ಟೋ ದನಿಯಲ್ಲಿ ಇದು ಬರುತ್ತದೆ. ಮೋಹಿನಿಯ ಹಾಡು ತೊಟ್ಟಿಲಿಗೆ ಬಂದಿತೆಂದು ಮೂಗು ಮುರಿದವರುಂಟು. ಏನು ಬದಲಾಗಿದೆ ಎಂದು ಅವರು ಕಿವಿಗೊಟ್ಟು ಕೇಳಿಲ್ಲ. ಸೊಪ್ರಾನೊದ ಎತ್ತರದಿಂದ ಹಾಡು ಆಲ್ಟೋದ ತಗ್ಗಿಗೆ ಇಳಿದಿದೆ. ಮೊದಲು ಬರೀ ತಂತಿವಾದ್ಯಗಳಿದ್ದ ಕಡೆ ಓಬೋ ಬಳಗ ಸೇರಿದೆ. ಕೊಳಲೊಂದು ಹಾಡುವವಳ ದನಿಯನ್ನೇ ಒಂದು ಸ್ಥಾಯಿ ಮೇಲಿನಿಂದ ಹಿಂಬಾಲಿಸುತ್ತದೆ, ತಾಯಿಯ ಜೊತೆಗೆ ಮನೆಯ ಚಿಕ್ಕವಳೂ ಗುನುಗಿದ ಹಾಗೆ. ಮಾತಿನಲ್ಲಿ ಆದ ಬದಲಾವಣೆಯೂ ಸಣ್ಣದಲ್ಲ. ಮೋಹಿನಿಯ ನಿದ್ದೆಗೆ ಕೊನೆಯಿಲ್ಲ, ಹದ್ದಿಲ್ಲ. ಈ ಮಗು ಮಲಗಿ, ಆಮೇಲೆ ಎಲ್ಲರಿಗಾಗಿ ಏಳಬೇಕು. ಅಂದರೆ ಇದು ಕೆಲಸದ ನಡುವಿನ ನಿದ್ದೆ. ಆ ವಾರ ಹಾಡುತ್ತಿದ್ದವರಿಗೆಲ್ಲ ಬೇಕಾಗಿದ್ದ ನಿದ್ದೆ.

ಇಷ್ಟು ಹಳೆಯ ಸರಕಿನ ನಡುವೆ ಬಾಖ್ ಹೊಸದಾಗಿಯೇ ಬರೆದ ಆರಿಯಾ ಒಂದಿದೆ, ಮೂರನೆಯ ಭಾಗದಲ್ಲಿ. ಸಿನಿಕರ ಲೆಕ್ಕದಲ್ಲಿ ಸಮಯವಿಲ್ಲದವನು ತನ್ನ ಉಳಿದ ಸಮಯವನ್ನು ಎಲ್ಲಿ ಖರ್ಚು ಮಾಡುತ್ತಾನೆ? ಜನ ಹೊರಗೆ ಗುನುಗಿಕೊಂಡು ಹೋಗುವಂಥ ಕಡೆ, ತುತ್ತೂರಿಯ ಕಡೆ. ಇವನು ಖರ್ಚು ಮಾಡಿದ್ದು, ಕುರುಬರು ಹೇಳಿದ್ದನ್ನೆಲ್ಲ ಮರಿಯಳು ಮನಸ್ಸಿನಲ್ಲಿ ಇಟ್ಟುಕೊಂಡಳು ಎಂದು ಲೂಕನು ಹೇಳುವ ಕಡೆ. ಆಲ್ಟೋ ದನಿ, ಒಂದೇ ಒಂದು ಪಿಟೀಲು, ಕೆಳಗೆ ಆಧಾರದ ಮಂದ್ರ, ಅಷ್ಟೆ. ಪಿಟೀಲು ಒಂದು ನುಡಿಯನ್ನು ಹಿಡಿದು ತಿರುಗಿಸುತ್ತದೆ, ಮತ್ತೆ ಅದೇ ನುಡಿಗೆ ಬರುತ್ತದೆ, ಕಳೆದುಹೋದೀತೆಂದು ಸೆರಗಿನ ತುದಿಯ ಗಂಟನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುವವಳ ಹಾಗೆ. ಹಬ್ಬದ ಗದ್ದಲಕ್ಕೆಲ್ಲ ಹಳೆಯದು ಸಾಕು, ಈ ಮೌನಕ್ಕೆ ಮಾತ್ರ ಯಾವ ಹಳೆಯ ಮಟ್ಟೂ ಹೊಂದಲಿಲ್ಲ ಎಂದಂತಿದೆ. ಕೃತಜ್ಞತೆ ಎಂಬ ಪದ ಈ ಆರಿಯಾದಲ್ಲಿ ಬರುವುದಿಲ್ಲ. ಆದರೆ ‘ಮಾಡಿದ್ದನ್ನು ಬಲ್ಲವಳು’ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಆ ಆರೂ ಭಾಗಗಳಲ್ಲಿ ಇನ್ನೊಂದಿಲ್ಲ.

ಬಾಖ್ ತೀರಿಕೊಂಡ ಮೇಲೆ ಒರಟೋರಿಯೊ ಕಪಾಟು ಸೇರಿತು. 1857ರಲ್ಲಿ ಬರ್ಲಿನ್ನಿನ ಸಿಂಗ್‌ಅಕಾಡೆಮಿ ಎತ್ತಿಕೊಳ್ಳುವವರೆಗೂ ಅದಕ್ಕೆ ಸಭೆ ಸಿಗಲಿಲ್ಲ. ಬಡಿಸುವವನ ಪಂಕ್ತಿ ಅಷ್ಟು ತಡ.

ಕೊನೆಗೊಂದು ಮೇಳಗೀತದ ಮಾತು, ಏಕೆಂದರೆ ನನ್ನ ಮೊದಲ ಪ್ರಶ್ನೆ ಅದರಲ್ಲಿ ಅತ್ಯಂತ ಕಟುವಾಗಿ ಎದ್ದು ನಿಲ್ಲುತ್ತದೆ. ನಗರಸಭೆ ಬಾಖ್‌ನನ್ನು ಕೆಲಸಗಳ್ಳನೆಂದು ದೂರಿದ ಮರುವರ್ಷ, 1731ರ ಆಗಸ್ಟ್ 27ರಂದು, ಹೊಸ ನಗರಸಭೆಯ ಪದಗ್ರಹಣದ ಆರಾಧನೆಗೆ ಅವನೇ ಸಂಗೀತ ಬರೆಯಬೇಕಿತ್ತು. ಬರೆದದ್ದು ಕೃತಜ್ಞತಾಸ್ತುತಿ, ಕೀರ್ತನೆಗಳ ಪುಸ್ತಕದ ಮಾತಿಗೆ. ಎದುರಿಗೆ ಕೂತವರಲ್ಲಿ ಕೆಲವರ ಮುಖ ನೋಡಲೂ ಅವನಿಗೆ ಇಷ್ಟವಿರಲಿಕ್ಕಿಲ್ಲ. ಹಾಡು ಅವರಿಗಲ್ಲ, ಅವರ ಪರವಾಗಿ ದೇವರಿಗೆ. ಚರ್ಚ್ ಸಂಗೀತದವರ ಪಾಡೇ ಇದು: ಯಾರ ಮೇಲೆ ಸಿಟ್ಟಿದೆಯೋ ಅವರ ಬಾಯಿಯಾಗಿಯೂ ಹಾಡಬೇಕು. ಎರಡು ವರ್ಷದ ಬಳಿಕ, 1733ರ ಜುಲೈನಲ್ಲಿ, ಅದೇ ಸಂಗೀತಕ್ಕೆ ಲ್ಯಾಟಿನ್ ಪೂಜೆಯ ‘ಗ್ರಾಸಿಯಾಸ್’ ಮಾತು ಹೊಂದಿಸಿ, ಡ್ರೆಸ್ಡೆನ್ ಆಸ್ಥಾನದಲ್ಲಿ ಬಿರುದು ಬೇಡುವ ಅರ್ಜಿಯ ಜೊತೆ ಕಳಿಸಿದ. ಕೃತಜ್ಞತೆ ಈಗ ಅರ್ಜಿಯೊಳಗಿನ ಅಡಕ! ಬದುಕಿನ ಕೊನೆಯ ವರ್ಷಗಳಲ್ಲಿ, ಕಣ್ಣು ಮಂಜಾಗುತ್ತಿದ್ದಾಗ, ‘ಬಿ ಮೈನರ್ ಮಾಸ್’ ಪೂರ್ತಿ ಮಾಡುತ್ತ ಅದೇ ಸಂಗೀತವನ್ನು ಮೂರನೆಯ ಬಾರಿ ತೆಗೆದುಕೊಂಡ, ಶಾಂತಿಯನ್ನು ಬೇಡುವ ಕಟ್ಟಕಡೆಯ ಮಾತಿಗೆ.

ಈ ಮೂರನೆಯ ಬಳಕೆಯಲ್ಲಿ ಹೊಲಿಗೆ ಕಾಣುತ್ತದೆ. ಆ ಸಂಗೀತದಲ್ಲಿ ಎರಡು ಎಳೆಗಳಿವೆ. ‘ಗ್ರಾಸಿಯಾಸ್’ನಲ್ಲಿ ಮೊದಲ ಎಳೆಗೆ ವಂದನೆಯ ಮಾತು, ಎರಡನೆಯ, ಸ್ವಲ್ಪ ಚುರುಕಾದ ಎಳೆಗೆ ಆ ವಂದನೆ ಯಾತಕ್ಕೆಂಬ ಮಾತು, ಎರಡೂ ಹೇಳಿ ಮಾಡಿಸಿದಂತೆ ಕೂರುತ್ತವೆ. ಶಾಂತಿಯ ಪ್ರಾರ್ಥನೆಯಲ್ಲಿ ಇರುವುದೇ ಮೂರು ಪದ. ಎರಡು ಎಳೆಗಳಿಗೂ ಅದನ್ನೇ ಎಳೆದು ಹಂಚಬೇಕು. ಸಮಯವಿಲ್ಲದೆ ಹೀಗೆ ಮಾಡಿದ ಎಂದು ಕೆಲವರು, ಇಡೀ ಕೃತಿಯನ್ನು ಬಂಧಿಸಲು ಬೇಕೆಂದೇ ಮಾಡಿದ ಎಂದು ಕೆಲವರು. ಹಾಡುವವಳಾಗಿ ನನಗೆ ಗೊತ್ತಿರುವುದು ಇಷ್ಟು: ಅದನ್ನು ಮಂದ್ರ ದನಿಯವರು ಶುರು ಮಾಡುತ್ತಾರೆ, ಮೆಟ್ಟಿಲು ಹತ್ತುವಂತೆ ಒಂದೊಂದೇ ಸ್ವರ. ಅವರ ಮೇಲೆ ಟೆನರ್, ಆಮೇಲೆ ನಾವು, ಆಮೇಲೆ ಸೊಪ್ರಾನೊ. ತುತ್ತೂರಿಗಳು ಎಷ್ಟೋ ಹೊತ್ತು ಸುಮ್ಮನಿದ್ದು, ಮನುಷ್ಯರ ದನಿ ಮುಟ್ಟಲಾರದ ಎತ್ತರಕ್ಕೆ ಮುಟ್ಟಿದ ಮೇಲೆ ಬಂದು ಕೂಡಿಕೊಳ್ಳುತ್ತವೆ. ಎರಡು ಗಂಟೆ ಹಾಡಿ ಕಾಲು ಸೋತ ಹೊತ್ತಿನಲ್ಲಿ ಇದು ಎರಡನೆಯ ಸಲ ಬಂದಾಗ ಬಾಯಿ ಬೇಡುತ್ತಿರುತ್ತದೆ, ಗಂಟಲು ಮಾತ್ರ ಮೊದಲ ಸಲದ ವಂದನೆಯ ದಾರಿಯಲ್ಲೇ ನಡೆಯುತ್ತಿರುತ್ತದೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂಬುದೂ ಅದಕ್ಕೆ ಆಗಲೇ ಗೊತ್ತು.